ನಿಂತ ಪಂಪಿನ ಸದ್ದು

ಮಾನ್ಯ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ಸಮಯದ ಕೆಲವು ನಿಮಿಷಗಳನ್ನು ಒಬ್ಬ ಪಂಪು ರಿಪೇರಿಗಾರನಿಗಾಗಿ ವ್ಯಯಿಸಬೇಕೆಂದು ಸವಿನಯವಾಗಿ ಬಿನ್ನವಿಸುತ್ತೇನೆ.

ಐವತ್ತೆರಡು ದಾಟಿದ್ದ ಅವನನ್ನು ಪೇಟೆಯವರೆಲ್ಲ 'ಕುದುರೆ' ಎಂದೇ ಕರೆಯುತ್ತಿದ್ದರು. ಹದಿನೈದು ವರ್ಷಗಳಿಂದ ನೂರು ನೂರು ಕಿಲೋಮೀಟರಿನ ಓಟಗಳನ್ನು ಓಡುತ್ತ ಬಂದಿದ್ದ; ಮುಂದಿನದಕ್ಕೆ ಹತ್ತೇ ದಿನವಿತ್ತು. ತನ್ನ ನಾಡಿ ನಿಮಿಷಕ್ಕೆ ನಲವತ್ತೆರಡೇ ಎಂದು ಜಂಬ ಕೊಚ್ಚಿಕೊಳ್ಳುವನು. ಪಂಪು ಕೆಟ್ಟು ಬಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೊತ್ತಿ, ಹಿಡಿಯನ್ನು ಕಿವಿಗಾನಿಸಿ ಕಣ್ಣು ಮುಚ್ಚುವನು. ಒಳಗಿನ ರೋಗ ಅಷ್ಟರಲ್ಲೇ ಪತ್ತೆ. ಆ ಕಿವಿ ಎಂದೂ ಕೈಕೊಟ್ಟಿರಲಿಲ್ಲ.

ಅಂದು ಬೆಳಿಗ್ಗೆ ನಲವತ್ತು ಕಿಲೋಮೀಟರು ಓಡಿ ಬಂದವನೇ, ಲಾಂಡ್ರಿಯವನ ತಿರುಗುತ್ತಿದ್ದ ಪಂಪಿಗೆ ಕಿವಿಯಿಟ್ಟ. ಧಡ್. ಧಡ್‌ಧಡ್. ನಡುವೆ ಏನೂ ಇಲ್ಲ. ಮತ್ತೆ ಧಡ್. ಬೇರಿಂಗು ಬದಲಾಯಿಸಿದ, ಕುಂಟು ಹೋಗಲಿಲ್ಲ. ಪಕ್ಕದ ಪಂಪಿನಲ್ಲೂ ಅದೇ ಕುಂಟು. ರೇಗಿಹೋಗಿ ಮೂರನೆಯದನ್ನು ಎಳೆದುಕೊಂಡು ಕಿವಿಯಿಟ್ಟ. ಅಲ್ಲೂ ಅದೇ!

"ಈ ಸಲದ ಬೇರಿಂಗೆಲ್ಲ ಡೂಪ್ಲಿಕೇಟು ಕಣೇ!" ಎಂದು ಊಟದ ಡಬ್ಬಿ ತಂದ ಹೆಂಡತಿಯ ಮೇಲೆ ಹರಿಹಾಯ್ದ.

"ಸರಿಹೋಯ್ತು! ಪ್ಲಗ್ಗೇ ಹಾಕಿಲ್ವಲ್ರೀ. ನಿಂತಿರೋ ಪಂಪು ಯಾವತ್ತಾದ್ರೂ ಸದ್ದು ಮಾಡುತ್ತಾ? ಓಡಿ ಓಡಿ ತಲೆ ಕೆಟ್ಟಿದ್ಯಾ?"

ಅವನು ನಗಲು ಹೋದ. ವೈರು ಸುರುಳಿ ಸುತ್ತಿಕೊಂಡು ಮೇಜಿನ ಮೇಲೇ ಬಿದ್ದಿತ್ತು. ಮತ್ತೊಮ್ಮೆ ಕಿವಿಯಿಟ್ಟ. ತಣ್ಣನೆಯ ಕಬ್ಬಿಣದಿಂದ ಧಡ್, ಧಡ್‌ಧಡ್ ಎಂದು ಬರುತ್ತಿದ್ದುದು ಅವನದೇ ಎದೆಯ ಸದ್ದು. ಗಾಳಿ ಎಳೆದುಕೊಂಡ ಪಂಪಿನಂತೆ ಎದೆ ತಡವರಿಸುತ್ತಿತ್ತು. ಮಣಿಕಟ್ಟು ಹಿಡಿದು ಎಣಿಸಹೊರಟರೆ ಲೆಕ್ಕವೇ ಸಿಗಲೊಲ್ಲದು. ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಲೇ... ಕೆಟ್ಟಿರೋದು ಪಂಪಲ್ಲ ಕಣೇ."

ಹೆಂಡತಿ ಅಂಗಡಿಯ ಬಾಗಿಲನ್ನೂ ಹಾಕದೆ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು.

"ಓಡಿದ್ದೇ ತಪ್ಪಾ, ಡಾಕ್ಟ್ರಮ್ಮ?"

"ಓಡಿದ್ದಲ್ಲ, ಅತಿ ಮಾಡಿದ್ದು. ವರ್ಷಗಟ್ಟಲೆ ಇಷ್ಟು ದೂರ ಓಡೋರಲ್ಲಿ ಕೆಲವರಿಗೆ ಹೃದಯದ ಮೇಲಿನ ಕೋಣೆ ಹಿಗ್ಗಿ ತಾಳ ತಪ್ಪುತ್ತೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದ್ರೆ ಕಷ್ಟ. ಮಾತ್ರೆ ತಪ್ಪಿಸ್ಬೇಡಿ. ಸದ್ಯಕ್ಕೆ ಬರೀ ನಡೀರಿ."

"ಹತ್ತು ದಿನಕ್ಕೆ ಓಟ ಇದೆಯಲ್ಲ..."

"ಓಟ ಇರುತ್ತೆ. ನೀವೂ ಇರ್ಬೇಕಲ್ವಾ?"

ಓಟದ ದಿನ ಬಂತು. ಶೂ ಬಾಗಿಲ ಬಳಿಯೇ ಇತ್ತು. ಬೀದಿಯ ತುದಿಯಿಂದ ನೂರಾರು ಹೆಜ್ಜೆಗಳ ಸದ್ದು ಹತ್ತಿರಾಗತೊಡಗಿದಾಗ ಅವನ ಕಾಲುಗಳು ತಾವಾಗಿಯೇ ಎದ್ದು ನಿಂತವು. ಎದೆ ಒಂದು ಬಡಿತ ನುಂಗಿತು. ಅವನು ಕುಸಿದು ಕೂತು, ಸ್ಕ್ರೂಡ್ರೈವರನ್ನು ಹೆಂಡತಿಯತ್ತ ಚಾಚಿದ.

"ನೋಡೇ, ಏನು ಕೇಳಿಸುತ್ತೆ?"

"ಇದನ್ನ ಆಚೆ ಇಡಿ, ಚುಚ್ಚೀತು," ಎಂದು ಅವಳು ಅವನೆದೆಗೆ ಕಿವಿಯನ್ನೇ ಇಟ್ಟಳು.

"ಹೇಳೇ!"

"ಸುಮ್ನಿರಿ. ಎಣಿಸ್ತಾ ಇದೀನಿ."

ಹೆಜ್ಜೆಗಳು ಬಾಗಿಲ ಮುಂದಿನಿಂದ ಹಾದು ದೂರವಾದವು. ಅವನು ಕದಲಲಿಲ್ಲ.

ಅವಳು ಎಣಿಸುತ್ತಿರಲಿ, ಮಹಾಶಯರೇ. ನನ್ನ ಕಥೆಗಳ ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿದ್ದಾಯಿತು; ಇಗೋ ಹೊರಟೆ, ನಡೆದುಕೊಂಡೇ.