ಮೂರರಲ್ಲಿ ಒಂದು

"ಇನ್ನೂ ಬರಲಿಲ್ವೇನೇ ಫೋನು?" ಕೊತ್ತಂಬರಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಪ್ರಭಾ ಮತ್ತೆ ಕೇಳಿದರು.

ಅಮೆರಿಕದ ಪ್ಲೆಸೆಂಟನ್ನಿನ ಗ್ರೋಸರಿ ಅಂಗಡಿಯ ಮುಂದೆ ಕಾರು ನಿಂತು ಬಹಳ ಹೊತ್ತಾಗಿತ್ತು. ಭಾವನಾ ಇಂಜಿನ್ ಆರಿಸಿದಳು, ಮತ್ತೆ ಚಾಲೂ ಮಾಡಿದಳು. ಗಾಜು ಇಳಿಸಿದಳು, ಏರಿಸಿದಳು.

ಹೋದ ವರ್ಷ ಒಂದು ಬೆಳಿಗ್ಗೆ ಓಡಲು ಹೋದ ಅವಳ ಗಂಡ ಕುಶಲ್ ಹಾದಿಯಲ್ಲೇ ಕುಸಿದು ಸತ್ತಿದ್ದ. ಹೃದಯದ ಸ್ನಾಯುವಿನ ದೋಷ, ವಂಶದಲ್ಲಿ ಇಳಿದು ಬರುವಂಥದ್ದು ಎಂದು ಆಮೇಲೆ ತಿಳಿಯಿತು. ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿದ್ದಾಗ ಶೇಖರಿಸಿಟ್ಟ ಅವರಿಬ್ಬರ ಮೂರು ಭ್ರೂಣಗಳು ಕ್ಲಿನಿಕ್ಕಿನ ಶೀತಲ ಸಂಗ್ರಹದಲ್ಲಿ ಉಳಿದಿದ್ದವು. ಅವುಗಳಲ್ಲೂ ಆ ದೋಷವಿದೆಯೇ ಎಂದು ಇವತ್ತು ತಿಳಿಸುತ್ತಾರೆ. ಮೂರರಲ್ಲೂ ಇದ್ದರೆ ಮಗು ಬೇಡವೆಂದು ಭಾವನಾ ನಿರ್ಧರಿಸಿದ್ದಳು. ಮಗ ಹೋದಾಗ ಮೈಸೂರಿನಿಂದ ಬಂದು ಇಲ್ಲೇ ಉಳಿದ ಅತ್ತೆಗೂ ಅದನ್ನು ಹೇಳಿದ್ದಳು.

"ನಂಗೆ ಅವನ ಥರಾನೇ ಒಂದು ಬೇಕು ಕಣೇ. ಅಚ್ಚು ಹಾಕಿದ ಹಾಗೆ. ನಿನ್ ಲ್ಯಾಬಲ್ಲಿ ಒಂದರಿಂದಾನೇ ಇನ್ನೊಂದು ಹುಟ್ಟುತ್ತೆ ಅಂತಿದ್ಯಲ್ಲ?"

"ಅದು ಬ್ರೆಡ್ಡು ಉಬ್ಬಿಸೋ ಯೀಸ್ಟು, ಅತ್ತೆ."

"ಯೀಸ್ಟೋ ಗೀಸ್ಟೋ. ಜೋಡಿ ಹುಡುಕೋ ರಗಳೆ ಇಲ್ಲ ತಾನೆ?"

"ಇಲ್ಲ. ಬೇಗಾನೂ ಆಗುತ್ತೆ. ಜೋಡಿ ಸೇರೋವು ಹಿಂದೇನೇ ಬೀಳ್ತವೆ."

"ಮತ್ತೆ? ಇಷ್ಟು ಸುಲಭದ ದಾರಿ ಬಿಟ್ಟು ದೇವ್ರು ನಮಗೆ ಮದುವೆ, ಛತ್ರ, ಬೀಗರು ಎಲ್ಲಾ ಯಾಕ್ ಗಂಟು ಹಾಕ್ದ?"

ಭಾವನಾಳಿಗೆ ನಗು ಬರುವ ಹಾಗಾಯಿತು. ಬರಲಿಲ್ಲ. "ನಕಲು ಮಾಡಿದ್ರೆ ತಪ್ಪೂ ನಕಲಾಗುತ್ತೆ. ತಲೆಮಾರಿಗೆ ಒಂದೊಂದು ಸೇರ್ತಾ ಹೋಗುತ್ತೆ, ಕಳಚ್ಕೊಳ್ಳೋಕೆ ದಾರಿ ಇರಲ್ಲ. ಇಬ್ಬರದ್ದು ಬೆರೆತ್ರೆ ಕೆಲವಕ್ಕೆ ತಪ್ಪು ಬರುತ್ತೆ, ಕೆಲವಕ್ಕೆ ಬರಲ್ಲ. ಬರದೇ ಇದ್ದವು ಉಳ್ಕೋತವೆ. ಅವನ ಥರಾನೇ ಬೇಕು ಅಂದ್ರೆ ಹೃದಯಾನೂ ಅವನದ್ದೇ ಬರುತ್ತೆ, ಅತ್ತೆ."

ಪ್ರಭಾ ಸೊಪ್ಪಿನಿಂದ ಹಳದಿ ಎಲೆಗಳನ್ನು ಕೀಳುತ್ತಾ ಕುಳಿತರು.

"ನಮ್ಮಣ್ಣನೂ ಹೀಗೇ. ಸ್ನಾನಕ್ಕೆ ಅಂತ ಹೋದೋನು ಬಚ್ಚಲಲ್ಲೇ ಬಿದ್ದಿದ್ದ. ಇನ್ನೂ ಮದುವೆನೂ ಆಗಿರ್ಲಿಲ್ಲ." ಇದನ್ನು ಅವರು ಹಿಂದೆ ಎಂದೂ ಹೇಳಿರಲಿಲ್ಲ. "ನನ್ನಿಂದ ಬಂತೇನೇ ಇದು?"

ಗೊತ್ತಿಲ್ಲ ಎನ್ನಬಹುದಿತ್ತು. "ಇರಬಹುದು" ಎಂದಳು ಭಾವನಾ.

ಫೋನು ಬಡಿದುಕೊಂಡಿತು. ಕ್ಲಿನಿಕ್ಕಿನ ಹೆಂಗಸು ನಿಧಾನವಾಗಿ, ಬಿಡಿಬಿಡಿಯಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಭಾವನಾ ಎರಡು ಸಲ ಥ್ಯಾಂಕ್ಸ್ ಹೇಳಿದಳು. ಕರೆ ಮುಗಿದ ಮೇಲೂ ಫೋನು ಕಿವಿಯ ಹತ್ತಿರವೇ ಇತ್ತು.

"ಏನಂದ್ಲು? ಬೇಗ ಹೇಳೇ."

"ಎರಡರಲ್ಲಿ ಇದೆ. ಒಂದರಲ್ಲಿ ಇಲ್ಲ."

ಪ್ರಭಾ ಕಣ್ಣು ಮುಚ್ಚಿಕೊಂಡರು. ತುಟಿಗಳು ಏನನ್ನೋ ಹೇಳಿಕೊಂಡವು. ಆಮೇಲೆ ಮೆಲ್ಲಗೆ, ಕೇಳಲು ಹೆದರಿದವರ ಹಾಗೆ, "ಆ ಒಂದು ಅವನ ಥರ ಇರುತ್ತಾ?" ಎಂದರು.

"ಅರ್ಧ."

"ಇನ್ನರ್ಧ?"

"ನಾನು."

ಪ್ರಭಾ ಬೆಲ್ಟು ಬಿಚ್ಚಿ ಸೀಟಿನಲ್ಲೇ ತಿರುಗಿ ಕುಳಿತರು. ಸೊಸೆಯ ಹಣೆ, ಹುಬ್ಬು, ಗದ್ದ ಒಂದೊಂದನ್ನೂ ನೋಡಿದರು. ಕೈ ಚಾಚಿ, ಕೆನ್ನೆಗೆ ಅಂಟಿದ್ದ ಕೂದಲನ್ನು ಹಿಂದೆ ಸರಿಸಿದರು, ಕಿವಿ ಸರಿಯಾಗಿ ಕಾಣುವ ಹಾಗೆ.