ಜಿಬೆಕ್ ಪಾಲಿನ ಅಳು

ಸಗಿನ್ ಸತ್ತದ್ದು ಬುಧವಾರ ಬೆಳಿಗ್ಗೆ, ಲಾರಿಯ ಟೈರು ಬಿಚ್ಚುತ್ತಿದ್ದಾಗ. ಮಧ್ಯಾಹ್ನದ ಹೊತ್ತಿಗೆ ಅವನ ಅಣ್ಣತಮ್ಮಂದಿರು ಅಂಗಳದಲ್ಲಿ ಉಣ್ಣೆಯ ಡೇರೆ ಎಬ್ಬಿಸಿ, ಹೆಣವನ್ನು ಒಳಗೆ ಮಲಗಿಸಿ, ಅಡ್ಡ ಪರದೆ ಕಟ್ಟಿದರು. ಹೆಂಡತಿ ಬುರ್ಮಾಕಾನ್ ಕಪ್ಪು ಬಟ್ಟೆ ತೊಟ್ಟು, ಬಂದವರಿಗೆ ಬೆನ್ನು ಮಾಡಿ, ಡೇರೆಯ ಗೋಡೆಗೆ ಮುಖ ಕೊಟ್ಟು ಕೂತಳು. ಎಲ್ಲವೂ ಕ್ರಮವಾಗಿಯೇ ನಡೆಯಿತು. ಅಳುವುದೊಂದು ನಡೆಯಲಿಲ್ಲ.

ನರಿನ್ ಎಂಬ ಆ ಬೆಟ್ಟದ ಸೀಮೆಯಲ್ಲಿ ಗಂಡ ಸತ್ತವಳು ಸುಮ್ಮನೆ ಕಣ್ಣೀರು ಒರೆಸಿಕೊಂಡರೆ ಸಾಲದು, ಹಾಡಿಕೊಂಡು ಅಳಬೇಕು. ಅವನ ನಡಿಗೆ, ಅವನ ಸಿಟ್ಟು, ಅವನು ಹತ್ತಿದ ಕುದುರೆ, ಎಲ್ಲವನ್ನೂ ಹೆಸರಿಟ್ಟು ಕರೆಯಬೇಕು. ಹೊಸ ಗುಂಪು ಅಂಗಳಕ್ಕೆ ಕಾಲಿಟ್ಟಾಗಲೆಲ್ಲ ದನಿ ಏರಬೇಕು. ಹೊರಗೆ ಗಂಡಸರು ಕೋಲಿಗೆ ಒರಗಿ ಗೋಳಿಡುತ್ತಿದ್ದರು. ಸಗಿನ್‌ನ ತಂಗಿ ಕಾದಿಚಾ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದಳು. ಬುರ್ಮಾಕಾನ್ ಬಾಯಿ ಬಿಟ್ಟಿರಲಿಲ್ಲ.

"ಏನತ್ತಿಗೆ ಇದು? ಕುದುರೆ ಸತ್ರೂ ಜನ ಇದಕ್ಕಿಂತ ಜಾಸ್ತಿ ಅಳ್ತಾರೆ," ಎಂದಳು ಕಾದಿಚಾ. "ನಿಮ್ಮ ಯೇಸು ಬಾಯಿಗೆ ಬೀಗ ಹಾಕಿದಾನಾ?"

ಯೇಸು ಹಾಕಿರಲಿಲ್ಲ, ಪಾಪ. ಬೀಗ ಬುರ್ಮಾಕಾನಳದ್ದೇ.

ಮುಸ್ಲಿಮರೇ ತುಂಬಿದ ಆ ಊರಿನಲ್ಲಿ ಅವಳು ಸೇರಿದ್ದು ಪಾಸ್ಟರ್ ಮೆಲಿಸ್‌ನ ಮನೆಯ ಮುಂದಿನ ಕೋಣೆಯಲ್ಲಿ ನಡೆಯುವ ಇಪ್ಪತ್ತು ಜನರ ಚರ್ಚಿಗೆ. ಹೆಂಗಸರಿಗೆ ಬೈಬಲ್ ಪಾಠ ಹೇಳುವವಳು ಬುರ್ಮಾಕಾನ್. ಅರ್ಥ ಬಿಡಿಸುವುದರಲ್ಲಿ ಅವಳದು ಎತ್ತಿದ ಕೈ. ಪಾಸ್ಟರಿಗೂ ಅವಳೆಂದರೆ ಒಳಗೊಳಗೇ ಅಳುಕು. ಸತ್ತವರ ವಿಷಯದಲ್ಲಿ ನಿರೀಕ್ಷೆಯಿಲ್ಲದವರ ಹಾಗೆ ದುಃಖಪಡಬೇಡಿ ಎಂದು ಬೈಬಲಿನಲ್ಲಿ ಪೌಲ ಬರೆದದ್ದಕ್ಕೆ ಅವಳು ಕೊಟ್ಟ ಅರ್ಥ ಒಂದೇ: ಹಾಡಿಕೊಂಡು ಅತ್ತವಳಿಗೆ ನಂಬಿಕೆಯಿಲ್ಲ.

ಮೂರು ವರ್ಷದ ಹಿಂದೆ ದೊಲೋನ್ ಘಟ್ಟದಲ್ಲಿ ವ್ಯಾನು ಉರುಳಿ, ಅದೇ ಚರ್ಚಿನ, ಹಾಲು ಮಾರುವ ಉಲ್ಕಾನಳ ಒಬ್ಬಳೇ ಮಗಳು ಜಿಬೆಕ್ ಸತ್ತಳು. ಹತ್ತೊಂಬತ್ತರ ಹುಡುಗಿ, ಹಿಂದಿನ ಬೇಸಿಗೆಯಲ್ಲಷ್ಟೇ ದೀಕ್ಷಾಸ್ನಾನ ಪಡೆದಿದ್ದಳು. ಉಲ್ಕಾನ್ ದನಿ ತೆಗೆದದ್ದೇ ತಡ, ಬುರ್ಮಾಕಾನ್ ಅವಳ ಭುಜ ಒತ್ತಿ ಹಿಡಿದಿದ್ದಳು.

"ಸಾಕು ಉಲ್ಕಾನ್. ಅವಳು ಸ್ವರ್ಗದಲ್ಲಿದಾಳೆ. ನೀನು ಹೀಗೆ ಅತ್ರೆ ನೆಂಟರು ಏನಂದ್ಕೋತಾರೆ?"

ಉಲ್ಕಾನ್ ಅರ್ಧ ಮಾತಿಗೇ ಬಾಯಿ ಮುಚ್ಚಿದಳು. ಆ ಮೌನವನ್ನು ಬುರ್ಮಾಕಾನ್ ಆಮೇಲೆ ಪಾಠದಲ್ಲಿ ಎರಡು ಸಲ ಹೊಗಳಿದ್ದುಂಟು. ಹೊಗಳುವಾಗ ಉಲ್ಕಾನ್ ಚಹಾದ ಬಟ್ಟಲು ತೊಳೆಯುತ್ತಿದ್ದಳು.

ಈಗ ಸಗಿನ್. ಅವನು ಚರ್ಚಿನ ಹೊಸಿಲು ತುಳಿದವನಲ್ಲ. ಪ್ರತಿ ಭಾನುವಾರ ಹೆಂಡತಿಯನ್ನು ಲಾರಿಯಲ್ಲಿ ತಂದು ಬಿಟ್ಟು, "ನೀನು ಹೋಗ್ಬಾ, ನಾನು ಇಲ್ಲೇ ಇರ್ತೀನಿ" ಎಂದು ಬೀದಿಯಲ್ಲೇ ಕಾಯುತ್ತಿದ್ದ. ಅವಳದೇ ಪಾಠದ ಪ್ರಕಾರ ಅವನ ಪಾಲಿಗೆ ಸ್ವರ್ಗದ ನಿರೀಕ್ಷೆಯೇ ಇಲ್ಲ. ಅವಳು ದನಿ ಎತ್ತಿ ಅತ್ತರೆ ಅದನ್ನು ಒಪ್ಪಿಕೊಂಡ ಹಾಗೆ. ಅಳದಿದ್ದರೆ, ಜೊತೆಯಲ್ಲಿ ಮೂವತ್ತೊಂದು ವರ್ಷ ಬಾಳಿದ ಗಂಡ ನಾಳೆ ಮಧ್ಯಾಹ್ನ ಹೆಂಡತಿಯ ಅಳುವಿಲ್ಲದೆ ಮಣ್ಣಿಗೆ ಹೋಗುತ್ತಾನೆ. ಅವರಿಗೆ ಮಕ್ಕಳೂ ಇರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಮೆಲಿಸ್ ಬಂದು ಹಿಂದೆ ಕೂತ. ಬುರ್ಮಾಕಾನ್ ತಿರುಗದೆಯೇ ಕೇಳಿದಳು.

"ಅಳಬಹುದಾ, ಮೆಲಿಸ್?"

"ಅಳಿ ಅಕ್ಕಾ. ಗೆಳೆಯನ ಸಮಾಧಿ ಹತ್ರ ಯೇಸುನೂ ಅತ್ತಿದ್ನಲ್ಲ. ಪೌಲ ಅಳಲೇಬೇಡಿ ಅನ್ಲಿಲ್ಲ. ಅದ್ರಲ್ಲೇ ಮುಳುಗಿಹೋಗ್ಬೇಡಿ ಅಂದ, ಅಷ್ಟೆ."

"ಇದು ಯಾವಾಗ ಗೊತ್ತಾಯ್ತು ನಿಮಗೆ?"

ಮೆಲಿಸ್ ಕೈಯಲ್ಲಿದ್ದ ಟೋಪಿ ತಿರುಗಿಸಿದ. "ಮೊದಲಿಂದ್ಲೂ ಗೊತ್ತಿತ್ತು."

"ಜಿಬೆಕ್ ಸತ್ತಾಗ್ಲೂ?"

"ಆಗ್ಲೂ. ನೀವು ಅಷ್ಟು ಖಡಾಖಂಡಿತ ಹೇಳ್ತಿದ್ರಿ. ನಾನು ಸುಮ್ಮನಾಗ್ಬಿಟ್ಟೆ."

"ಸಗಿನ್ ಈಗ ಎಲ್ಲಿದಾನೆ?"

"ನನಗೆ ಗೊತ್ತಿಲ್ಲ ಅಕ್ಕಾ. ಗೊತ್ತು ಅನ್ನೋರನ್ನ ಕಂಡ್ರೆ ನನಗೆ ಭಯ."

ಅಪ್ಪಣೆಯೇನೋ ಸಿಕ್ಕಿತು. ಆದರೂ ಅಳು ಬರಲಿಲ್ಲ. ಹೆತ್ತವಳಾದ ಉಲ್ಕಾನಳಿಗೆ ತಾನು ಇಲ್ಲವೆಂದದ್ದು ತನಗೆ ಇಷ್ಟು ಸಲೀಸಾಗಿ ಸಿಕ್ಕಿತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿದುಹೋಯಿತು. ನಾಚಿಕೆ ಅಂದರೆ ಏನೆಂದು ಅವಳಿಗೆ ಅವತ್ತು ತಿಳಿಯಿತು.

ಸಂಜೆ ಉಲ್ಕಾನ್ ಹಾಲಿನ ಕ್ಯಾನು ಬಾಗಿಲಲ್ಲಿಟ್ಟು ಒಳಗೆ ಬಂದಳು. ಏನೂ ಹೇಳದೆ ಬುರ್ಮಾಕಾನಳ ಪಕ್ಕದಲ್ಲಿ, ಅವಳ ಹಾಗೇ ಗೋಡೆಗೆ ಮುಖ ಮಾಡಿ ಕೂತಳು.

"ಉಲ್ಕಾನ್, ನಾನು ಹೇಳಿದ ಅರ್ಥ ತಪ್ಪು," ಎಂದಳು ಬುರ್ಮಾಕಾನ್. "ಮೊದಲು ನೀನು ಜಿಬೆಕ್‌ಗೋಸ್ಕರ ಅಳು. ಅಲ್ಲೀವರೆಗೂ ನನಗೆ ಬಾಯಿ ಬರಲ್ಲ."

"ಅವಳಿಗೋಸ್ಕರ ಅತ್ತಾಯ್ತಲ್ಲಕ್ಕಾ."

"ಯಾವಾಗ?"

"ಕೊಟ್ಟಿಗೇಲಿ, ಹಾಲು ಕರೀತಾ. ಮೂರು ವರ್ಷದಿಂದ, ಎರಡು ಹೊತ್ತೂ. ನಿಮ್ಮ ಕಿವಿಗೆ ಬೀಳ್ಬಾರ್ದು ಅಂತ ಬಾಗಿಲು ಹಾಕ್ಕೋತಿದ್ದೆ." ಉಲ್ಕಾನ್ ಸಣ್ಣಗೆ ನಕ್ಕಳು. "ಹಸುಗಳಿಗೆಲ್ಲ ಬಾಯಿಪಾಠ ಆಗೋಗಿದೆ."

ಅವಳು ಚುಚ್ಚಲೆಂದು ಹೇಳಿದ್ದಲ್ಲ. ಅದಕ್ಕೇ ಅದು ನಾಟಿತು.

"ನನಗೂ ಕೇಳ್ಸು," ಎಂದಳು ಬುರ್ಮಾಕಾನ್.

ಉಲ್ಕಾನ್ ಅವಳ ಹೆಗಲಿಗೆ ಹೆಗಲು ಕೊಟ್ಟು, ಅವಳಿಗಷ್ಟೇ ಕೇಳುವಷ್ಟು ಮೆಲ್ಲಗೆ ಹಾಡಿದಳು:

"ಕೆಂಪು ಬೂಟು ಕೇಳಿದೆಯಲ್ಲೇ, ನನ್ನ ಕರುವೇ,
ಚಳಿ ಬರಲಿ ತಾಳು ಅಂದೆನಲ್ಲೇ.
ಮೂರು ಚಳಿ ಬಂದು ಹೋದವಲ್ಲೇ,
ಬೂಟು ತಂದಿಟ್ಟೀನಿ, ಕಾಲೆಲ್ಲೇ?"

ಬುರ್ಮಾಕಾನಳ ಒಳಗಿಂದ ಒಂದು ಕೂಗು ಎದ್ದಿತು. ಅದು ಅವಳದೇ ದನಿಯೆಂದು ಅವಳಿಗೇ ಗೊತ್ತಾಗಲಿಲ್ಲ. ಉಲ್ಕಾನಳ ಮೊಣಕಾಲು ಹಿಡಿದುಕೊಂಡು, ಬಾಯಿ ಬಿಟ್ಟು, ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು.

ಹೊರಗೆ ಕಾದಿಚಾ ಕಣ್ಣೊರೆಸಿಕೊಂಡಳು. "ಕೇಳಿದ್ರಾ? ಅಂತೂ ನಮ್ಮಣ್ಣನಿಗೋಸ್ಕರ ಅತ್ಲು!" ಎಂದಳು. ಗಂಡಸರು ಕೋಲೂರಿ ಎದ್ದು ನಿಂತು ತಾವೂ ದನಿಗೂಡಿಸಿದರು.

ಸಗಿನ್‌ನ ಸರದಿ ಇನ್ನೂ ಬಂದಿರಲಿಲ್ಲ. ಪರದೆಯ ಆಚೆ ಅವನು, ಭಾನುವಾರಗಳಲ್ಲಿ ಬೀದಿಯಲ್ಲಿ ಲಾರಿ ನಿಲ್ಲಿಸಿಕೊಂಡು ಕಾಯುತ್ತಿದ್ದ ಹಾಗೆ, ಕಾಯುತ್ತಿದ್ದ.