ಕ್ಷೌರಿಕ ಪರದೇಶದಲ್ಲಿ ತಲೆ ಕೊಟ್ಟದ್ದು

ಆ ಕ್ಷೌರಿಕನಿಗೆ ಪರದೇಶ ನೋಡುವ ಹುಚ್ಚು ಹಿಡಿದದ್ದು ಒಂದು ಸಣ್ಣ ಮಾತಿನಿಂದ. ಹಡಗಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬ, ತಾನು ಹೋಗಿಬಂದ ದೇಶದಲ್ಲಿ ತಲೆ ತೊಳೆಯುವಾಗ ಗಿರಾಕಿಯನ್ನು ಹಿಂದಕ್ಕೆ ಒರಗಿಸುವುದಿಲ್ಲ, ಮುಂದಕ್ಕೆ ಬಗ್ಗಿಸುತ್ತಾರೆ ಎಂದುಬಿಟ್ಟ. ಮೂಗಿಗೆ ನೀರು ಹೋಗುವುದಿಲ್ಲವೇ? ಇಪ್ಪತ್ತೆಂಟು ವರ್ಷ ಕತ್ತರಿ ಹಿಡಿದವನಿಗೆ ಈ ಪ್ರಶ್ನೆ ಅಂಗಿಯೊಳಗೆ ಬಿದ್ದ ತುಂಡುಗೂದಲಿನ ಹಾಗೆ ಕಾಡತೊಡಗಿತು. ಹೋಗಿ ನೋಡಿಯೇ ಬಿಡಬೇಕು. ಪ್ರವಾಸದ ಗುಂಪಿನವರಾದರೆ ಗೋಪುರ, ಅರಮನೆ ತೋರಿಸಿಯಾರು. ಕ್ಷೌರದಂಗಡಿಗೆ ಯಾರು ಕರೆದೊಯ್ಯುತ್ತಾರೆ? ಹೆಂಡತಿಯೊಡನೆ ಸ್ವಂತವಾಗಿಯೇ ಹೊರಡುವುದೆಂದು ತೀರ್ಮಾನಿಸಿದ.

ಕುರ್ಚಿಯಲ್ಲಿ ಕೂತವರನ್ನೆಲ್ಲ ಸಲಹೆ ಕೇಳಿದ. ಬಾಯಿಗೊಂದು ಮಾತು ಬಂತು. ಬೆಲೆ ಏರುವ ಮೊದಲು ಟಿಕೆಟ್ ತೆಗೆ ಎಂದು ಒಬ್ಬ, ಕೊನೆಯ ವಾರದವರೆಗೆ ಕಾಯಿ ಎಂದು ಇನ್ನೊಬ್ಬ, ವೀಸಾ ಎಲ್ಲ ಅಲ್ಲಿ ಇಳಿದ ಮೇಲೆ ನೋಡಿಕೊಂಡರಾಯಿತು ಎಂದು ಮತ್ತೊಬ್ಬ. ಕತ್ತಿನ ಮೇಲೆ ಕತ್ತಿ ಆಡುತ್ತಿರುವಾಗಲೂ ಜನ ಗೊತ್ತಿಲ್ಲದ್ದನ್ನು ಇಷ್ಟು ಧೈರ್ಯವಾಗಿ ಹೇಳುತ್ತಾರಲ್ಲ ಎಂದು ಅವನಿಗೆ ಬೆರಗು.

ಒಂದು ಭಾನುವಾರ ಫೋನಿನಲ್ಲಿ ಅಗ್ಗದ ಟಿಕೆಟ್ ಕಂಡು ಹಿಂದೆಮುಂದೆ ನೋಡದೆ ಬೆರಳು ಒತ್ತಲು ಹೋದ. ಹೆಂಡತಿ ತಡೆದಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳದು. ಮಾತ್ರೆಯ ಪಟ್ಟಿ ತಿರುಗಿಸಿ ನೋಡುವ ಹಾಗೆ ಅವನ ಪಾಸ್‌ಪೋರ್ಟ್ ತಿರುಗಿಸಿ ತಾರೀಖು ಓದಿದಳು.

“ರೀ, ಇದು ಇನ್ನು ಏಳು ತಿಂಗಳಿಗೆ ಮುಗಿಯತ್ತೆ. ನಾವು ಹೋಗೋದು ಮೂರು ತಿಂಗಳು ಬಿಟ್ಟು. ಅಲ್ಲಿ ಇಳಿದಾಗ ಆರು ತಿಂಗಳಾದ್ರೂ ಉಳಿದಿರಬೇಕು ಅಂತ ಅವರ ನಿಯಮದಲ್ಲಿ ಬರೆದಿದೆ.”

“ಮುಗಿಯೋಕೆ ಮೊದಲೇ ವಾಪಸ್ ಬರ್ತೀವಲ್ಲ?”

“ನಿಮ್ಮ ಲೆಕ್ಕ ಅವರು ಕೇಳಲ್ಲ. ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಬೇಡಿ.”

ಅಂದಿನಿಂದ ಲಗಾಮು ಅವಳ ಕೈಗೆ ಬಂತು. ಮೊದಲು ಹೊಸ ಪಾಸ್‌ಪೋರ್ಟ್. ಆಮೇಲೆ, ಬೇಡವೆಂದರೆ ಹಣ ಕಳೆದುಕೊಳ್ಳದೆ ಬಿಟ್ಟುಬಿಡಬಹುದಾದ ಒಂದು ವಸತಿಗೃಹದ ಕೋಣೆ. ಆ ಕೋಣೆಯ ಕಾಗದ ತೋರಿಸಿ ವೀಸಾ. ಅದು ಕೈಗೆ ಬಂದ ಮೇಲೆ ಟಿಕೆಟ್. ಅಗ್ಗದ ಟಿಕೆಟ್ ಯಾಕೆ ಅಗ್ಗ ಎಂಬುದೂ ಅವಳ ಕಣ್ಣಿಗೇ ಬಿತ್ತು: ದಾರಿಯಲ್ಲಿ ವಿಮಾನ ಇಳಿಯುವ ನಿಲ್ದಾಣ ಒಂದು, ಮುಂದಿನದು ಹೊರಡುವ ನಿಲ್ದಾಣ ಅದೇ ನಗರದ ಇನ್ನೊಂದು ತುದಿಯಲ್ಲಿ, ನಡುವೆ ಎರಡೇ ಗಂಟೆ. ಇದರ ಸಹವಾಸವೇ ಬೇಡವೆಂದು ಬೇರೆ ಟಿಕೆಟ್ ತೆಗೆದಳು. ವಸತಿಗೃಹದ ಒಡತಿಗೆ ಪತ್ರ ಹಾಕಿ, ಮೆಟ್ಟಿಲು ಎಷ್ಟಿವೆ, ಯಾವ ಬಸ್ಸು ಹತ್ತಬೇಕು ಎಂದು ವಿಚಾರಿಸಿದಳು. ಕೊನೆಯ ಸಾಲನ್ನು ಗಂಡ ಸೇರಿಸಿದ: ಹತ್ತಿರದಲ್ಲಿ ಕ್ಷೌರದಂಗಡಿ ಇದೆಯೇ? ಪಕ್ಕದ ಓಣಿಯಲ್ಲೇ ಇದೆ, ಸೋಮವಾರ ರಜೆ ಎಂದು ಉತ್ತರ ಬಂತು. ಒಡತಿ ಕೈಯಾರೆ ನಕ್ಷೆಯನ್ನೂ ಬರೆದು ಕಳಿಸಿದ್ದಳು.

ಪರದೇಶಕ್ಕೆ ಬಂದಿಳಿದ ಮೇಲಿನ ಮಂಗಳವಾರ ಬೆಳಿಗ್ಗೆ ಆ ಓಣಿಯ ಅಂಗಡಿಯ ಬಾಗಿಲು ತೆರೆಯುವಾಗ ಗಂಡ ಹೆಂಡಿರು ಹೊರಗೆ ನಿಂತಿದ್ದರು. ಎರಡೇ ಕುರ್ಚಿಯ ಅಂಗಡಿ. ಮುದುಕ ಕ್ಷೌರಿಕ ಅವನನ್ನು ಕೂರಿಸಿ, ಕನ್ನಡಿಯ ಕೆಳಗಿದ್ದ ಬೋಗುಣಿಯ ಮೇಲೆ ನಿಜವಾಗಿಯೂ ಮುಂದಕ್ಕೆ ಬಗ್ಗಿಸಿದ. ಹಣೆಗೆ ಮಡಿಸಿದ ಬಟ್ಟೆ ಒತ್ತಿ ಹಿಡಿದು ಬೆಚ್ಚಗಿನ ನೀರು ಬಿಟ್ಟ. ನಮ್ಮವನು ಉಸಿರು ಬಿಗಿಹಿಡಿದು ಕಾದ. ಮೂಗಿಗೆ ಒಂದು ಹನಿಯೂ ಹೋಗಲಿಲ್ಲ. ಕೆಳಗೆ ಮುಖ ಮಾಡಿದ ಮೂಗಿಗೆ ನೀರು ಹತ್ತುವುದಾದರೂ ಹೇಗೆ? ಬಗ್ಗಿದಲ್ಲೇ ಅವನಿಗೆ ನಗು ಬಂತು.

ತಲೆ ಒರೆಸಿದ ಮುದುಕ ಹಿಂಗತ್ತಿನ ಕೂದಲಿಗೆ ಬಾಚಣಿಗೆ ಹಾಕಿ ನಿಂತುಬಿಟ್ಟ. ಮತ್ತೆ ಬಾಚಿದ. ಕತ್ತರಿ ಆಡಿಸಿ ತೋರಿಸಿ, ಇದು ಯಾರ ಕೈಕೆಲಸ ಎನ್ನುವಂತೆ ಹುಬ್ಬು ಹಾರಿಸಿದ. ನಮ್ಮವನು ಬೆಂಚಿನ ಮೇಲೆ ಕೂತಿದ್ದ ಹೆಂಡತಿಯ ಕಡೆ ಬೆರಳು ತೋರಿಸಿದ; ತನ್ನ ಕೈಗೆಟುಕದ ಹಿಂಗತ್ತಿನ ಕೂದಲನ್ನು ಮನೆಯಲ್ಲಿ ಕತ್ತರಿಸುವವಳು ಅವಳೇ. ಮುದುಕ ಅವಳನ್ನೇ ನೋಡಿದ.

“ಏನಂತೆ?” ಎಂದಳು ಅವಳು.

“ಹಿಂದುಗಡೆ ಕತ್ತರಿಸಿದ್ದು ಯಾರು ಅಂತ ಕೇಳ್ತಿದಾನೆ.”

“ಚೆನ್ನಾಗಿಲ್ವಂತಾ?”

“ಗೊತ್ತಾಗ್ತಿಲ್ಲ.”

ಮುದುಕ ಮುಂದಲೆಯನ್ನೂ ಕಿವಿಯ ಪಕ್ಕವನ್ನೂ ಸಾವಕಾಶವಾಗಿ ಕತ್ತರಿಸಿದ. ಹಿಂಗತ್ತಿಗೆ ಮಾತ್ರ ಕತ್ತರಿ ತಾಗಿಸಲಿಲ್ಲ. ತಿದ್ದುವುದಕ್ಕೆ ಏನೂ ಇಲ್ಲವೆನ್ನುವಂತೆ ಇದ್ದದ್ದು ಇದ್ದ ಹಾಗೇ ಬಿಟ್ಟು ಬಟ್ಟೆ ಕೊಡವಿದ.